ಎಂ.ಟೆಕ್ ತಂಡ ಕಂಟ್ರಾಕ್ಟರ್‌ಗೆ ಸಲಹೆ ಕೊಡಬೇಕು: ಎಲ್ಲಿಂದ ಶುರು ಮಾಡೋದು?

ಕೇಳಿದವರು: ವಿದ್ಯಾರ್ಥಿ ತಂಡ, ಶಿವಮೊಗ್ಗ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಐದು ಜನ ನಾವು. ಈ ಸೆಮಿಸ್ಟರ್ ಒಬ್ಬ ಕಂಟ್ರಾಕ್ಟರ್‌ಗೆ ತಂಡವಾಗಿ ಸಲಹೆ ಕೊಡಬೇಕು. ಊರೊಳಗೆ ಮೂರಂತಸ್ತಿನ ವಾಣಿಜ್ಯ ಕಟ್ಟಡ, ಮೊದಲ ಮೋಲ್ಡ್ (ಚಾವಣಿಯ ಕಾಂಕ್ರೀಟ್) ಮುಗಿದಿದೆ. "ಕೆಲಸ ತಡ ಆಗ್ತಿದೆ, ಕಬ್ಬಿಣ ಪೋಲಾಗ್ತಿದೆ, ಪಕ್ಕದ ನಮ್ಮ ಹಳೇ ಕಟ್ಟಡದ ಬೀಮ್ ಬಿರುಕು ಬಿಟ್ಟಿದೆ, ಎಲ್ಲಾ ನೋಡಿ ಹೇಳಿ" ಅಂದಿದ್ದಾರೆ. ಅಕ್ಟೋಬರ್‌ನಿಂದ 14 ವಾರ ಇದೆ. ಏನು ಒಪ್ಪಿಕೊಳ್ಳಬೇಕು, ಏನು ಅಳೆಯಬೇಕು?

ಪ್ರಾಜೆಕ್ಟ್ ಮ್ಯಾನೇಜರ್, ಶಿವಮೊಗ್ಗ

ಅವರು ಹೇಳಿದ್ದು ಮೂರು ಬೇರೆ ಬೇರೆ ಕೆಲಸ. ಕ್ಲಾಸು, ಲ್ಯಾಬು ಕಳೆದರೆ ನಿಮಗೆ ಸೈಟ್‌ಗೆ ಸಿಗೋದು ವಾರಕ್ಕೆ ಎರಡು ದಿನ. ಕಬ್ಬಿಣದ ಪ್ರಶ್ನೆ ಒಂದನ್ನೇ ಪೂರ್ತಿ ತೆಗೆದುಕೊಳ್ಳಿ. ಅದಕ್ಕೆ ಬಿಲ್ಲು, ಡ್ರಾಯಿಂಗು, ಸ್ಟೋರ್ ರಿಜಿಸ್ಟರ್ ಎಲ್ಲಾ ಇರುತ್ತವೆ, ಕೊನೆಗೆ ಒಂದು ಗಟ್ಟಿ ಅಂಕಿ ಕೈಗೆ ಬರುತ್ತದೆ. ತಡದ ವಿಷಯ ಹಾಗಲ್ಲ. ಮಾಲೀಕರ ದುಡ್ಡು ಬರೋದು ನಿಂತಿದ್ದರೆ, ಡ್ರಾಯಿಂಗ್ ಕೈಗೆ ಸಿಗದಿದ್ದರೆ ಕಂಟ್ರಾಕ್ಟರ್ ಏನೂ ಮಾಡಲಾರರು. ಅದರಲ್ಲಿ ಒಂದು ತುಂಡು ಮಾತ್ರ ಹಿಡಿಯಿರಿ, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಹಾಕುವ ತಾತ್ಕಾಲಿಕ ಅಚ್ಚು) ಮತ್ತು ಕಂಬಿ ಕಟ್ಟುವ ಗ್ಯಾಂಗ್‌ಗಳ ಸಮಯ ಎಲ್ಲಿ ಹೋಗುತ್ತದೆ ಅನ್ನೋದು.

ಮೊದಲ ವಾರವೇ ಒಂದು ಪುಟದ ಒಪ್ಪಿಗೆ ಪತ್ರ ಮಾಡಿ, ಗೈಡ್ ಮತ್ತು ಕಂಟ್ರಾಕ್ಟರ್ ಇಬ್ಬರ ಸಹಿ ಹಾಕಿಸಿ. ಉತ್ತರಿಸುವ ಪ್ರಶ್ನೆ, ಉತ್ತರಿಸದೇ ಇರುವುದು, ಅವರು ಕೊಡುವ ದಾಖಲೆಗಳ ಪಟ್ಟಿ ಮತ್ತು ಕೊನೇ ದಿನಾಂಕ, ಸೈಟ್‌ನಲ್ಲಿ ನಿಮಗೆ ಉತ್ತರ ಕೊಡುವ ಒಬ್ಬರ ಹೆಸರು, ಫೋಟೋ ತೆಗೆಯಲು ಅನುಮತಿ, ದರಗಳನ್ನು ಹೊರಗೆ ಹೇಳುವುದಿಲ್ಲ ಎಂಬ ಮಾತು, ಇಷ್ಟು ಅದರಲ್ಲಿರಲಿ. ಎರಡನೇ ವಾರದ ಕೊನೆಗೂ ದಾಖಲೆ ಬರದಿದ್ದರೆ ಗೈಡ್ ಕಡೆಯಿಂದ ಫೋನ್ ಮಾಡಿಸಿ. ಇಂಥ ಪ್ರಾಜೆಕ್ಟ್‌ಗಳು ಕೆಡೋದು ಹೆಚ್ಚಾಗಿ ಇಲ್ಲೇ. ಹತ್ತನೇ ವಾರದವರೆಗೆ ಕಾದು, ಆಮೇಲೆ ನೆಟ್‌ನಿಂದ ಅಂಕಿ ತಂದು ತುಂಬುತ್ತಾರೆ.

ಕಂಟ್ರಾಕ್ಟರ್ ಜೊತೆ ಮಾತಾಡೋದು ತಂಡದಲ್ಲಿ ಒಬ್ಬರೇ. ಐದು ಜನ ಐದು ಸಲ ಅದೇ ಬಿಲ್ ಕೇಳಿದರೆ ಆರನೇ ಸಲ ಫೋನ್ ಎತ್ತೋದಿಲ್ಲ.

ಪ್ಲಾನಿಂಗ್ ಎಂಜಿನಿಯರ್, ಭದ್ರಾವತಿ

ಕಬ್ಬಿಣದ ಲೆಕ್ಕ ಹೀಗೆ: ಶುರುವಿನ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಈಗ ಉಳಿದಿರುವುದನ್ನು ಕಳೆಯಿರಿ. ಸಿಕ್ಕಿದ್ದು ಬಳಕೆ. ಬಾರ್ ಬೆಂಡಿಂಗ್ ಶೆಡ್ಯೂಲ್ (ಯಾವ ವ್ಯಾಸದ ಕಂಬಿ ಎಷ್ಟು ಉದ್ದ, ಎಷ್ಟು ಬೇಕು ಅನ್ನೋ ಪಟ್ಟಿ) ಪ್ರಕಾರ ಕಟ್ಟಡದೊಳಗೆ ಹೋಗಿರಬೇಕಾದ ತೂಕವನ್ನು ಅದರಿಂದ ಕಳೆದರೆ ಉಳಿಯೋದು ವ್ಯತ್ಯಾಸ. ಆ ವ್ಯತ್ಯಾಸವನ್ನೆಲ್ಲ ಪೋಲು ಅಂತ ಬರೆಯಬೇಡಿ.

ಕಾರಣ ಇದು. ಕಂಬಿ ಕೊಳ್ಳೋದು ತೂಕದಲ್ಲಿ, ಕಟ್ಟೋದು ಉದ್ದದಲ್ಲಿ. ಶೆಡ್ಯೂಲ್‌ನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ ತೂಕ ಹಾಕಿರುತ್ತಾರೆ: 8 ಮಿ.ಮೀ.ಗೆ ಮೀಟರ್‌ಗೆ 0.395 ಕೆಜಿ, 12ಕ್ಕೆ 0.89, 16ಕ್ಕೆ 1.58. ಆದರೆ ಕಂಬಿಯ ಭಾರತೀಯ ಮಾನಕ ಐಎಸ್ 1786 ಪ್ರಕಾರ ಒಂದು ಬ್ಯಾಚ್‌ನ ತೂಕ 10 ಮಿ.ಮೀ.ವರೆಗೆ ಶೇ. 7, 16ರವರೆಗೆ ಶೇ. 5, ಅದಕ್ಕೂ ದಪ್ಪಕ್ಕೆ ಶೇ. 3 ಹೆಚ್ಚುಕಮ್ಮಿ ಇರಬಹುದು. ಭಾರದ ಬ್ಯಾಚ್ ಬಂದಿದ್ದರೆ ಒಂದು ತುಂಡೂ ಎಸೆಯದೆ ಲೆಕ್ಕ ತಪ್ಪುತ್ತದೆ. ಪ್ರತಿ ಲೋಡ್‌ನಲ್ಲಿ ಪ್ರತಿ ವ್ಯಾಸದ ಮೂರು ಒಂದು-ಮೀಟರ್ ತುಂಡು ತೂಗಿ, ಬಂದ ತೂಕದಿಂದಲೇ ಶೆಡ್ಯೂಲ್ ಮತ್ತೆ ಹಾಕಿ. ತಕ್ಕಡಿ 5 ಗ್ರಾಂ ತೋರಿಸುವಂಥದ್ದು ಸಾಕು.

ನಿಜವಾದ ಪೋಲು ಕತ್ತರಿಸುವಾಗ. 12 ಮೀಟರ್ ಕಂಬಿಯಿಂದ 3.5 ಮೀಟರ್‌ನ ಮೂರು ತುಂಡು ತೆಗೆದರೆ 1.5 ಮೀಟರ್ ಉಳಿಯುತ್ತದೆ, ಅಂದರೆ ಶೇ. 12.5. ಅದೇ ವ್ಯಾಸದಲ್ಲಿ 1.4 ಮೀಟರ್ ತುಂಡು ಬೇರೆಲ್ಲಾದರೂ ಬೇಕಿದೆಯೇ ಹುಡುಕಿ, ಕಟಿಂಗ್ ಪಟ್ಟಿಯಲ್ಲಿ ಅದಕ್ಕೇ ಜೋಡಿಸಿ. ಮುಂದಿನ ಮೋಲ್ಡ್‌ಗೆ ಇಂಥ ಪಟ್ಟಿ ಮಾಡಿಕೊಟ್ಟರೆ ಅದೊಂದೇ ಕಂಟ್ರಾಕ್ಟರ್‌ಗೆ ದುಡ್ಡಾಗುವ ಸಲಹೆ.

ಗ್ಯಾಂಗ್‌ಗಳ ಸಮಯಕ್ಕೆ ವರ್ಕ್ ಸ್ಯಾಂಪ್ಲಿಂಗ್. ಸೈಟ್ ಸುತ್ತು ಹಾಕಿ, ಕಣ್ಣಿಗೆ ಬಿದ್ದ ಕ್ಷಣದಲ್ಲಿ ಆ ಕೆಲಸಗಾರ ನೇರ ಕೆಲಸದಲ್ಲಿದ್ದಾನೋ, ಹೊರೋದು-ಗುರುತು ಹಾಕೋದರಲ್ಲೋ, ಕಾಯ್ತಿದ್ದಾನೋ ಅಂತ ಒಂದೇ ಗೀಟು. ಶೇ. 95 ಭರವಸೆ, ಶೇ. 5 ಹೆಚ್ಚುಕಮ್ಮಿಗೆ 384 ವೀಕ್ಷಣೆ ಬೇಕು, ಶೇ. 10 ಸಾಕೆಂದರೆ 96. ಹನ್ನೆರಡು ಜನರ ಗ್ಯಾಂಗ್‌ಗೆ 32 ಸುತ್ತು. ಆದರೆ ಒಂದೇ ಸುತ್ತಿನಲ್ಲಿ ಕಂಡ ಹನ್ನೆರಡೂ ಜನ ಒಂದೇ ಕಾರಣಕ್ಕೆ ಕಾಯ್ತಿರಬಹುದು. ಅದಕ್ಕೇ ದಿನಕ್ಕೆ ನಾಲ್ಕು ಸುತ್ತಿಗಿಂತ ಹೆಚ್ಚು ಬೇಡ, ಹೊತ್ತನ್ನು ಚೀಟಿ ಎತ್ತಿ ಆರಿಸಿ. ಹೆಸರು ಬರೆಯಬೇಡಿ, ಇದು ಯಾರ ಕೂಲಿ ಕತ್ತರಿಸಲಿಕ್ಕೂ ಅಲ್ಲ ಅಂತ ಮೇಸ್ತ್ರಿಗೆ ಮೊದಲೇ ಹೇಳಿ. ಹೇಳದೆ ಹೋದರೆ ನಿಮ್ಮನ್ನು ಕಂಡ ಕೂಡಲೇ ಎಲ್ಲರೂ ಸುತ್ತಿಗೆ ಹಿಡಿಯುತ್ತಾರೆ, ಅಂಕಿ ಸುಳ್ಳಾಗುತ್ತದೆ.

ಸ್ಟ್ರಕ್ಚರಲ್ ಎಂಜಿನಿಯರ್, ಸಾಗರ

ಬೀಮ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. "ಏನೂ ಆಗಲ್ಲ" ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು, ವರದಿಯಲ್ಲೂ ಇರಬಾರದು. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ ಅಂತ ಮೊದಲ ದಿನವೇ ಲಿಖಿತವಾಗಿ ಕೊಡಿ. ಅವರು ಬರುವವರೆಗೆ ಬಿರುಕಿನ ಜಾಗ, ಉದ್ದ, ಇಳಿಜಾರು, ಕ್ರ್ಯಾಕ್ ಗೇಜ್‌ನಲ್ಲಿ ಅಗಲ ದಾಖಲಿಸಬಹುದು. ಬೀಮ್ ಕೂತಿರುವ ಆಸರೆ ಹತ್ತಿರ ಬಿರುಕು ಓರೆಯಾಗಿದ್ದರೆ ಅಥವಾ ಬಿರುಕಿನಲ್ಲಿ ತುಕ್ಕಿನ ಕಲೆ ಇದ್ದರೆ ಅವತ್ತೇ ಫೋನ್ ಮಾಡಿ ಹೇಳಿ.

ಕಾಲೇಜಿನಲ್ಲಿ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಪುಟಿತದಿಂದ ಕಾಂಕ್ರೀಟ್‌ನ ಶಕ್ತಿ ಅಂದಾಜಿಸುವ ಉಪಕರಣ) ಇದೆ ಅಂತ ಬಡಿದು ಶಕ್ತಿ ಬರೆದುಬಿಡಬೇಡಿ. ಅಂದಾಜು ಶೇ. 25ರಷ್ಟು ಆಚೀಚೆ ಹೋಗುತ್ತದೆ. ಹಳೇ ಕಾಂಕ್ರೀಟ್‌ನ ಮೇಲ್ಮೈ ಕಾರ್ಬೊನೇಶನ್‌ನಿಂದ (ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ) ಗಟ್ಟಿಯಾಗಿ ಹೆಚ್ಚು ತೋರಿಸುತ್ತದೆ, ನಮ್ಮ ಕಡೆ ಮಳೆ ಕುಡಿದ ಮೇಲ್ಮೈ ಕಡಿಮೆ ತೋರಿಸುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದು: ಸೈಟ್‌ನಲ್ಲಿ ಎಂ-ಸ್ಯಾಂಡ್ ಬಯಲಲ್ಲೇ ನೆನೆಯುತ್ತಿದೆ. ಅದನ್ನೂ ವರದಿಯಲ್ಲಿ ಸೇರಿಸಬಹುದೇ?

ಲ್ಯಾಬ್ ತಂತ್ರಜ್ಞ, ಶಿವಮೊಗ್ಗ

ಖಂಡಿತ ಸೇರಿಸಿ, ಲೆಕ್ಕ ಸಮೇತ. 1:1.5:3ರಲ್ಲಿ (ಸಿಮೆಂಟ್, ಮರಳು, ಜಲ್ಲಿಯ ಪಾಲು) 50 ಕೆಜಿಯ ಒಂದು ಮೂಟೆ ಸಿಮೆಂಟ್‌ಗೆ ಮರಳು ಸುಮಾರು 80 ಕೆಜಿ. 500 ಗ್ರಾಂ ಒದ್ದೆ ಮರಳು ತೂಗಿ, ಬಾಣಲೆಯಲ್ಲಿ ಬಣ್ಣ ಬದಲಾಗಿ ಉದುರುದುರಾಗುವವರೆಗೆ ಹುರಿದು ಮತ್ತೆ ತೂಗಿ. ಮರಳು ಹೀರಿಕೊಳ್ಳುವ ನೀರು ಕಳೆದು ಶೇ. 6 ತೇವ ಉಳಿದರೆ ಮೂಟೆಗೆ 4.8 ಲೀಟರ್ ಆಯಿತು. ಮೇಸ್ತ್ರಿ ಎಂದಿನಂತೆ 25 ಲೀಟರ್ ಸುರಿದರೆ ನೀರು-ಸಿಮೆಂಟ್ ಅನುಪಾತ 0.50 ಇದ್ದದ್ದು ಹತ್ತಿರ ಹತ್ತಿರ 0.60, ಕಾಂಕ್ರೀಟ್‌ನ ಶಕ್ತಿ ಇಳಿಯುತ್ತದೆ. ಜೊತೆಗೆ ಒದ್ದೆ ಮರಳು ಉಬ್ಬುವುದರಿಂದ ಪೆಟ್ಟಿಗೆ ಅಳತೆಯಲ್ಲಿ ಮರಳೂ ಕಡಿಮೆ ಬೀಳುತ್ತದೆ. ಟಾರ್ಪಾಲು, ಇಳಿಜಾರು ನೆಲ, ಮೋಲ್ಡ್ ದಿನ ಬೆಳಿಗ್ಗೆ ಒಂದು ಬಾಣಲೆ ಪರೀಕ್ಷೆ, ಇಷ್ಟೇ ಖರ್ಚು.

ಕ್ಯೂಬ್ ರಿಜಿಸ್ಟರ್ (ಕಾಂಕ್ರೀಟ್‌ನ ಶಕ್ತಿ ಪರೀಕ್ಷೆಗೆ ಎರಕ ಹೊಯ್ದ ಘನಗಳ ದಾಖಲೆ) ಕೂಡ ತೆಗೆಸಿ ನೋಡಿ. ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456 ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟ್‌ಗೆ ಮೂರು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್.

ಕಂಟ್ರಾಕ್ಟರ್, ತೀರ್ಥಹಳ್ಳಿ

ನಿಮ್ಮ ಕಾಲ ಅಡಿಕೆ ಕೊಯ್ಲಿನ ಕಾಲ. ಊರ ಆಳುಗಳು ತೋಟಕ್ಕೆ, ಹೆಂಗಸರು ಸುಲಿತಕ್ಕೆ ಹೋಗ್ತಾರೆ, ಹೆಲ್ಪರ್‌ಗಳು ಕಡಿಮೆಯಾಗಿ ಗಾರೆಯವರು ಕೈಕಟ್ಟಿ ಕೂತಿರ್ತಾರೆ. ಅದನ್ನು ಸೋಮಾರಿತನ ಅಂತ ಬರೆದರೆ ಆ ವರದಿ ಯಾರೂ ಓದಲ್ಲ. ಹಾಜರಿ ಪುಸ್ತಕದಿಂದ ದಿನಾ ಎಷ್ಟು ಗಾರೆಯವರಿಗೆ ಎಷ್ಟು ಹೆಲ್ಪರ್ ಇದ್ದರು, ಮಳೆಗೆ ಎಷ್ಟು ಗಂಟೆ ನಿಂತಿತು, ಎರಡನ್ನೂ ಪಕ್ಕಕ್ಕೆ ಬರೆದಿಡಿ.

ಕಾಲೇಜಿಗೆ ಕೊಡುವ ದಪ್ಪ ವರದಿ ನಮಗೆ ಬೇಡ. ನಮಗೆ ನಾಲ್ಕು ಪುಟ, ಕನ್ನಡದಲ್ಲಿ: ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಖರ್ಚು, ಎಷ್ಟು ಉಳಿತಾಯ. ಹತ್ತನೇ ವಾರಕ್ಕೇ ಕರಡು ತಂದು ಮೇಸ್ತ್ರಿ, ಬಾರ್ ಬೆಂಡರ್ ಇಬ್ಬರನ್ನೂ ಕೂರಿಸಿ ಓದಿ ಹೇಳಿ. ಆಗದ ಸಲಹೆ ಯಾವುದು ಅಂತ ಅವರೇ ತೋರಿಸ್ತಾರೆ, ತಿದ್ದಲಿಕ್ಕೆ ನಿಮಗಿನ್ನೂ ನಾಲ್ಕು ವಾರ ಇರುತ್ತೆ.