ಸಾಸೇಜ್ ರೋಲ್ ಓವನ್ನಿನಲ್ಲೇ ಬಿಚ್ಚಿಕೊಂಡಿತು, ಎಲ್ಲಿ ತಪ್ಪಿದೆ?

ಟಿಳಕವಾಡಿ ವೈನಿ:
ನಮಸ್ಕಾರ್ರಿ. ಮಗ ಹಾಸ್ಟೆಲಿನಿಂದ ಬಂದಿದ್ದಾನೆ. ಬೇಕರಿಯಲ್ಲಿ ಮೆತ್ತನೆ ಬ್ರೆಡ್ ಸುತ್ತಿದ ಸಾಸೇಜ್ ರೋಲ್ ಸಿಗುತ್ತಲ್ಲ, ಅದು ಮನೆಯಲ್ಲೇ ಬೇಕಂತೆ. 250 ಗ್ರಾಂ ಮೈದಾ, 150 ಎಂ.ಎಲ್. ಹಾಲು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 30 ಗ್ರಾಂ ಬೆಣ್ಣೆ, ಸಕ್ಕರೆ, ಉಪ್ಪು. ಕೈಗೆ ವಿಪರೀತ ಅಂಟುತ್ತಿತ್ತು. ಅದಕ್ಕೆ ಮತ್ತೆರಡು ಹಿಡಿ ಮೈದಾ ಉದುರಿಸಿದೆ. ಚಂದದ ಗಟ್ಟಿ ಉಂಡೆ ಆಯಿತು, ನನಗೂ ಖುಷಿ. ಹೊರಗೆ ಜಿಟಿಜಿಟಿ ಮಳೆ. ಒಂದು ತಾಸು ಮುಚ್ಚಿಟ್ಟೆ, ಸ್ವಲ್ಪವೇ ಉಬ್ಬಿತು.

ಚಿಕನ್ ಸಾಸೇಜ್ ಬಿಸಿನೀರಲ್ಲಿ ಕುದಿಸಿ, ಹಾಗೇ ತೆಗೆದು, ಹಿಟ್ಟನ್ನು ಹಗ್ಗದ ಹಾಗೆ ಹೊಸೆದು ಬಿಗಿಯಾಗಿ ಸುತ್ತಿದೆ. ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) ಎಂಟರಲ್ಲಿ ಐದು ಬಿಚ್ಚಿಕೊಂಡವು. ಮರುದಿನ ಉಳಿದದ್ದನ್ನು ಮುರಿದರೆ ಟಕ್ ಅಂತು. ಖಡಕ್ ರೊಟ್ಟಿಯಾದರೂ ಎಣ್ಣೆಗಾಯಿ ಜೊತೆ ಹೋಗುತ್ತೆ. ಇದು ಯಾವುದಕ್ಕೂ ಹೋಗಲಿಲ್ಲ.

ನವನಗರದ ಒಲೆ:
ಅಕ್ಕಾವ್ರೆ, ಆ ಎರಡು ಹಿಡಿಯೇ ಕಳ್ಳ. ಹಿಡಿಗೆ 35 ಗ್ರಾಂ ಅಂದರೂ 320 ಗ್ರಾಂ ಮೈದಾಕ್ಕೆ 150 ಎಂ.ಎಲ್. ಹಾಲಾಯಿತು. ಅದು ಬ್ರೆಡ್ ಅಲ್ಲ, ಚಪಾತಿ! ನಮ್ಮ ಕೈಗೆ ಚಪಾತಿ ಹಿಟ್ಟೇ ರೂಢಿ ಅಲ್ವಾ, ಅಂಟಿದರೆ ಸುಮ್ನೆ ಇರೋಕಾಗಲ್ಲ. ಹೋಳಿಗೆ ಕಣಕ ನೆನಪು ಮಾಡಿಕೊಳ್ಳಿ. ಮೊದಲು ಅಂಟುತ್ತೆ, ನಾದುತ್ತಾ ಹೋದರೆ ಎಳೆದಷ್ಟು ಬರುತ್ತೆ.

ಮೊದಲು 20 ಗ್ರಾಂ ಮೈದಾವನ್ನು 100 ಎಂ.ಎಲ್. ಹಾಲಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವಿ. ಚಮಚದ ಗೆರೆ ಪಾತ್ರೆಯ ತಳದಲ್ಲಿ ಉಳಿಯುವಷ್ಟು ಗಟ್ಟಿಯಾದರೆ ಸಾಕು. ಇದು ತಣ್ಣಗಾದ ಮೇಲೆ 230 ಗ್ರಾಂ ಮೈದಾ, 75 ಎಂ.ಎಲ್. ಹಾಲು, ಉಳಿದದ್ದೆಲ್ಲ ಸೇರಿಸಿ. ಬೆಣ್ಣೆ ಕೊನೆಗೆ. ಹಾಲು ಉಗುರುಬೆಚ್ಚಗೆ ಸಾಕು, ಸುಡುವ ಹಾಲಿಗೆ ಯೀಸ್ಟ್ ಸಾಯುತ್ತೆ. ಬೇಯಿಸಿದ ಹಿಟ್ಟು ಜಾಸ್ತಿ ನೀರು ಹಿಡಿದಿಡುತ್ತೆ, ಹಾಗಾಗಿ ಬ್ರೆಡ್ ಮರುದಿನವೂ ಮೆತ್ತಗಿರುತ್ತೆ. ಕೈಯಲ್ಲಿ ಹದಿನೈದು ನಿಮಿಷ ನಾದಬೇಕು, ಮೈದಾ ಉದುರಿಸೋ ಹಾಗಿಲ್ಲ.

ಹಿಟ್ಟು ಉಬ್ಬೋಕೆ ಬಾಗಲಕೋಟೆಯ ಬೇಸಿಗೆಯಲ್ಲಿ ನಮಗೆ ಮುಕ್ಕಾಲು ತಾಸು ಸಾಕು. ನಿಮ್ಮ ಮಳೆಗಾಲದ ಥಂಡಿಗೆ ಎರಡು ತಾಸೂ ಆದೀತು. ಆಫ್ ಮಾಡಿದ ಓಟಿಜಿಯೊಳಗೆ ಬಿಸಿನೀರಿನ ಬಟ್ಟಲಿಟ್ಟು ಅದರ ಪಕ್ಕ ಇಡಿ. ಎರಡರಷ್ಟಾದ ಮೇಲೆ 60 ಗ್ರಾಂನ ಎಂಟು ಉಂಡೆ ಮಾಡಿ, ಹತ್ತು ನಿಮಿಷ ಬಿಟ್ಟು ಹೊಸೆಯಿರಿ. ಇಲ್ಲದಿದ್ದರೆ ರಬ್ಬರಿನ ಹಾಗೆ ಹಿಂದಕ್ಕೆ ಓಡುತ್ತೆ. ಸಾಸೇಜ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿರಬೇಕು. ಸಡಿಲವಾಗಿ ಸುತ್ತಿ, ಎರಡೂ ತುದಿ ಕೆಳಗೆ ಸಿಕ್ಕಿಸಿ. ಮತ್ತೆ ಉಬ್ಬಿದ ಮೇಲೆ ಹಾಲು ಸವರಿ 190 ಡಿಗ್ರಿಯಲ್ಲಿ 15 ನಿಮಿಷ. ಹೊರಗೆ ತೆಗೆದ ತಕ್ಷಣ ಬೆಣ್ಣೆ ಹಚ್ಚಿ.

ಕ್ಯಾಂಪ್ ಕಾಕಾ:
ಇಂಗ್ಲೆಂಡಿನ ಸಾಸೇಜ್ ರೋಲ್ ಅಂದರೆ ಪಫ್ ಹಿಟ್ಟಿನೊಳಗೆ ಹಸಿ ಕೀಮಾ ಇಟ್ಟದ್ದು. ನೀವು ಕೇಳಿದ್ದು ಹಾಂಗ್‌ಕಾಂಗ್ ಬೇಕರಿಗಳ ತರಹದ್ದು. ನನಗೆ ಎರಡೂ ಅಷ್ಟಕ್ಕಷ್ಟೇ. ಗೋವಾದಿಂದ ಬರುವವರ ಕೈಲಿ ಚೊರಿಸ್ ಅನ್ನೋ ಅಲ್ಲಿಯ ಸಾಸೇಜ್ ತರಿಸಿ, ಮಣಿಸರದ ಹಾಗೆ ದಾರ ಕಟ್ಟಿರುತ್ತೆ. ಹಂದಿ ಮಾಂಸ, ವಿನೆಗರ್, ಕೆಂಪು ಮೆಣಸಿನಕಾಯಿ. ಆದರೆ ಅದನ್ನು ಇಡಿಯಾಗಿ ಸುತ್ತಬೇಡಿ, ಕೊಬ್ಬು ಇಳಿದು ಟ್ರೇಯಲ್ಲೇ ಕೆರೆ ಆಗುತ್ತೆ. ಸಿಪ್ಪೆ ಬಿಡಿಸಿ, ಈರುಳ್ಳಿ ಜೊತೆ ಪೂರ್ತಿ ಬೇಯಿಸಿ, ಕೊಬ್ಬು ಬಸಿದು, ಆರಿಸಿ ಹಿಟ್ಟಿನೊಳಗೆ ತುಂಬಿ. ಉಪ್ಪು ಬೇಡ, ಅದರಲ್ಲೇ ಇರುತ್ತೆ.

ಟಿಳಕವಾಡಿ ವೈನಿ:
ಭಾನುವಾರ ಮತ್ತೆ ಮಾಡಿದೆ. ನಾದುವಾಗ ಮೈದಾ ಡಬ್ಬಿ ಅಟ್ಟದ ಮೇಲಿಟ್ಟಿದ್ದೆ, ಕೈಗೆ ಸಿಗಬಾರದು ಅಂತ. ಹತ್ತನೇ ನಿಮಿಷಕ್ಕೆ ಹಿಟ್ಟು ತಾನೇ ಪಾತ್ರೆ ಬಿಟ್ಟಿತು! ಒಂದೇ ಒಂದು ಬಿಚ್ಚಿಕೊಂಡಿತು, ಅದರ ತುದಿ ಸಿಕ್ಕಿಸೋದು ಮರೆತಿದ್ದೆ. ಮಗ ಓಟಿಜಿ ಮುಂದೆ ನಿಂತೇ ನಾಲ್ಕು ಮುಗಿಸಿದ. ಕಾಕಾ, ಚೊರಿಸ್ ಮುಂದಿನ ಸಲ.

ಅತ್ತೆ ಸಾಸೇಜ್ ಮುಟ್ಟಲ್ಲ. ಅವರಿಗಂತ ಒಂದು ಉಂಡೆಯೊಳಗೆ ಕುಂದಾ ತುಂಬಿದ್ದೆ. ಅದು ಕರಗಿ ಸೋರಿ ತಳಕ್ಕೆ ಹತ್ತಿಕೊಂಡಿದೆ. ಟ್ರೇ ಇನ್ನೂ ನೆನೆಸಿಟ್ಟಿದ್ದೇನೆ.