ಸಹಾಯ ಬೇಕು: ಸಾಫ್ಟ್‌ವೇರ್ ಕೆಲಸಕ್ಕೆ ಇನ್ಶೂರೆನ್ಸ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾವು ಐದು ಜನ ಸೇರಿ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಅಮೆರಿಕದ ಕ್ಲೈಂಟ್ ಒಬ್ಬರು ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇಲ್ಲದೆ ಅಗ್ರಿಮೆಂಟ್‌ಗೆ ಸಹಿ ಹಾಕಲ್ಲ ಎಂದಿದ್ದಾರೆ. ನಮ್ಮ ಕೆಲಸದ ತಪ್ಪಿನಿಂದ ಅವರಿಗೆ ನಷ್ಟವಾದರೆ ತುಂಬಿಕೊಡುವ ವಿಮೆ ಇದು. ಆಫೀಸಿಗೆ ಬೆಂಕಿ, ಕಳವಿನ ಪಾಲಿಸಿ ಇದೆ, ಅದು ಇದಕ್ಕೆ ಬರುವುದಿಲ್ಲ.

ನನ್ನ ಚಿಂತೆ ಹಳೆ ಪ್ರಾಜೆಕ್ಟ್‌ಗಳದ್ದು. ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿ ಇರಬೇಕು, ಅಲ್ವಾ? ಜೊತೆಗೆ ತಪ್ಪು ಆಗಿದ್ದು ಅದರಲ್ಲಿ ಬರೆದ ರೆಟ್ರೋಆಕ್ಟಿವ್ ದಿನಾಂಕದ (ಯಾವ ದಿನದಿಂದ ಮಾಡಿದ ಕೆಲಸಕ್ಕೆ ವಿಮೆ ಸಿಗುತ್ತದೋ ಆ ದಿನ) ನಂತರವೇ ಆಗಿರಬೇಕು. ಮೊದಲ ಸಲ ಮಾಡಿಸುವಾಗಲೇ ಹಿಂದಿನ ದಿನಾಂಕ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಅಮೆರಿಕದ ಕೋರ್ಟಿನಲ್ಲಿ ಕೇಸ್ ಬಿದ್ದರೂ ಪಾಲಿಸಿ ನಡೆಯಬೇಕು. ಸುಮ್ನೆ ಕಡಿಮೆ ಪ್ರೀಮಿಯಂ ನೋಡಿ ತಗೊಳ್ಳೋಕೆ ಭಯ.

ಹುಬ್ಬಳ್ಳಿ-ಧಾರವಾಡದಲ್ಲಿ ಇದು ಚೆನ್ನಾಗಿ ಗೊತ್ತಿರುವ ಏಜೆಂಟ್ ಇದ್ದರೆ ದಯವಿಟ್ಟು ತಿಳಿಸಿ. ಈ ತಿಂಗಳೊಳಗೆ ಪಾಲಿಸಿ ಕಾಪಿ ಕಳಿಸಬೇಕು.