ಲಕೋಟೆಯ ಬಾಯಿ ಮುಚ್ಚುವ ಭಾಗಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿರಸಿ ಸೀಮೆಯ ಶಾಲಾ ಮಕ್ಕಳಿಗಾಗಿ ಕೈಕೆಲಸದ ಒಂದು ಪುಟ ಸಿದ್ಧಪಡಿಸುತ್ತಿದ್ದೇನೆ. ಮನೆಯಲ್ಲಿರುವ ಕಾಗದದಿಂದಲೇ ಲಕೋಟೆ ಮಾಡುವುದು ಹೇಗೆ ಎಂಬುದು ವಿಷಯ. ಕೈಗೆ ಸುಲಭವಾದ ಈ ಕೆಲಸ ಬರೆಯಲು ಕುಳಿತರೆ ಸುಲಭವಲ್ಲ. ಲಕೋಟೆಯ ಬಾಯಿಯ ಮೇಲೆ ಬಂದು ಕೂರುವ, ಕೊನೆಗೆ ಅಂಟು ಹಚ್ಚಿ ಒತ್ತುವ ಆ ತ್ರಿಕೋನದ ತುಂಡಿಗೆ ಕನ್ನಡದಲ್ಲಿ ಏನೆನ್ನಬೇಕು? ನಾನು ನೋಡಿದ ಕೈಕೆಲಸದ ಬರಹಗಳಲ್ಲೆಲ್ಲ ‘ಫ್ಲ್ಯಾಪ್’ ಎಂದೇ ಇದೆ. ಮೂರನೆಯ ತರಗತಿಯ ಮಗು ಅದನ್ನು ಓದಿ ಕೈಗೆ ಕತ್ತರಿ ತೆಗೆದುಕೊಳ್ಳಬೇಕಾದರೆ ಆ ಪದ ಸಾಲದು.

ಯಾವ ಭಾಗದ ಮಾತು ಎಂಬುದು ಎಲ್ಲರಿಗೂ ಒಂದೇ ಆಗಿರಲಿ ಎಂದು ವಿಧಾನವನ್ನೇ ಮೊದಲು ಬರೆಯುತ್ತೇನೆ. ಎ4 ಹಾಳೆಯ ಒಂದು ಮೂಲೆಯನ್ನು ಹಿಡಿದು, ಗಿಡ್ಡ ಅಂಚು ಉದ್ದ ಅಂಚಿನ ಮೇಲೆ ಕೂರುವಂತೆ ಓರೆಯಾಗಿ ಮಡಚಬೇಕು. ಹೆಚ್ಚಾಗಿ ಉಳಿದ ಪಟ್ಟಿಯನ್ನು ಕತ್ತರಿಸಿದರೆ 21 ಸೆಂ.ಮೀ. ಚೌಕ ಸಿಗುತ್ತದೆ. ಚೌಕವನ್ನು ಬಿಡಿಸಿ, ಒಂದು ಮೂಲೆ ನಮ್ಮ ಕಡೆಗೆ ಬರುವಂತೆ ತಿರುಗಿಸಿ ಇಡಬೇಕು. ಎಡ, ಬಲ ಮೂಲೆಗಳನ್ನು ಒಳಕ್ಕೆ ಮಡಚಿ, ಎರಡರ ತುದಿಗಳ ನಡುವೆ ಸುಮಾರು 4 ಸೆಂ.ಮೀ. ಬಿಡಬೇಕು. ಕೆಳಗಿನ ಮೂಲೆಯನ್ನು, ಎಡಬಲದ ಮಡಿಕೆಗಳ ಕೆಳತುದಿಗಿಂತ ಸುಮಾರು 1 ಸೆಂ.ಮೀ. ಮೇಲೆ ಗೆರೆ ಬೀಳುವಂತೆ ಮೇಲಕ್ಕೆ ಮಡಚಿ, ಆ ಎರಡರ ಮೇಲೆ ಅಂಟಿಸಬೇಕು. ಹೆಚ್ಚುಕಡಿಮೆ 17 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಲಕೋಟೆ ಸಿದ್ಧ. ಬರೆದ ಎ4 ಹಾಳೆಯನ್ನು ನಾಲ್ಕು ಪಾಲಾಗಿ ಮಡಚಿದರೆ ಇದರೊಳಗೆ ಆರಾಮವಾಗಿ ಕೂರುತ್ತದೆ. ಈಗ ಮೇಲೆ ಒಂದೇ ಮೂಲೆ ಉಳಿದಿದೆಯಲ್ಲ, ನನ್ನ ಪ್ರಶ್ನೆ ಅದರದು.

‘ಮುಚ್ಚಳ’ ಎನ್ನಬಹುದೆಂದು ಕೆಲವರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಮುಚ್ಚಳವೆಂದರೆ ಡಬ್ಬಿಯದು, ಭರಣಿಯದು, ತೆಗೆದು ಬದಿಗಿಡಬಹುದಾದದ್ದು. ಲಕೋಟೆಯ ಈ ಭಾಗ ಮೈಯಿಂದ ಬೇರೆಯಾಗುವುದಿಲ್ಲ. ‘ಮೇಲ್ಮಡಿಕೆ’ ತಪ್ಪಲ್ಲ, ಆದರೆ ನಾಲ್ಕೂ ಕಡೆ ಮಡಚಿದ್ದೇ ಇರುವಾಗ ಮಗುವಿಗೆ ಯಾವ ಮಡಿಕೆ ಎಂದು ತಿಳಿಯಬೇಕಲ್ಲ. ಅಲ್ಲದೆ ಮಡಿಕೆ ಎಂದೊಡನೆ ಮಡಚಿದ ಗೆರೆ ನೆನಪಿಗೆ ಬರುತ್ತದೆಯೇ ಹೊರತು ಮಡಚಿದ ತುಂಡಲ್ಲ.

ಚೀಲಕ್ಕೆ, ಗೋಣಿಗೆ, ಎಲೆಯಡಿಕೆ ಇಡುವ ಕವಳದ ಸಂಚಿಗೆ ಬಾಯಿ ಇದೆ ಎನ್ನುವುದು ನಮಗೆ ತೀರ ಸಹಜ. ಬಾಯಿ ಇದ್ದ ಮೇಲೆ ‘ನಾಲಿಗೆ’ ಎನ್ನಲು ಏನಡ್ಡಿ? ಬೂಟಿಗೆ ನಾಲಿಗೆ ಇದೆ ಎಂದು ಆಗಲೇ ಹೇಳುತ್ತೇವೆ. ಎಡಬಲದ ಎರಡು ತುಂಡುಗಳು ಜೋಡಿಯಾಗಿರುವುದರಿಂದ ‘ಕಿವಿ’. ಹೀಗೆ ಬರೆದರೆ ವಾಕ್ಯ ತಾನಾಗಿ ಹರಿಯುತ್ತದೆ: ‘ಎರಡು ಕಿವಿಗಳನ್ನು ಒಳಕ್ಕೆ ಮಡಚಿ, ಕೆಳಗಿನ ತುಂಡನ್ನು ಅವುಗಳ ಮೇಲೆ ಅಂಟಿಸಿ, ಪತ್ರ ಹಾಕಿ, ನಾಲಿಗೆಯನ್ನು ಇಳಿಸಿ ಒತ್ತಿ.’ ಓದುವವರಿಗೆ ಚಿತ್ರವೇ ಬೇಡ. ಆದರೆ ನಾಲಿಗೆ ಬಾಯಿಯ ಒಳಗಿರುವುದು, ಇದು ಹೊರಗಿನಿಂದ ಮುಚ್ಚುವುದು ಎಂಬ ಆಕ್ಷೇಪವನ್ನು ತಳ್ಳಿಹಾಕಲಾರೆ. ನಾಲ್ಕಕ್ಕೂ ಸೇರಿಸಿ ‘ಎಸಳು’ ಎನ್ನುವ ಆಸೆಯೂ ಇದೆ. ಲಕೋಟೆಯನ್ನು ಬಿಚ್ಚಿ ಹರಡಿದರೆ ಅದು ನಾಲ್ಕೆಸಳಿನ ಹೂವಿನಂತೆಯೇ ಕಾಣುತ್ತದೆ.

ಇನ್ನು ಲಕೋಟೆ ಎಂಬ ಪದವೇ ನಮ್ಮ ಜಿಲ್ಲೆಯಲ್ಲಿ ಎಲ್ಲ ಕಡೆ ಒಂದೇ ಅಲ್ಲ. ಬಾಯಿಮಾತಿನಲ್ಲಿ ಕವರು ಎಲ್ಲರಿಗೂ ಗೊತ್ತು. ಕಾರವಾರದ ಕಡೆ ಮರಾಠಿ, ಕೊಂಕಣಿ ಬಲ್ಲ ಹಿರಿಯರು ‘ಪಾಕೀಟು’ ಎನ್ನುವುದನ್ನು ಕೇಳಿದ್ದೇನೆ. ಮರಾಠಿಯಲ್ಲಿ ಪಾಕೀಟ್ ಎಂದರೆ ಲಕೋಟೆಯೂ ಹೌದು, ಹಣವಿಡುವ ಚೀಲವೂ ಹೌದು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಅಂಚೆಗೆ ‘ಟಪಾಲು’ ಎನ್ನುವ ರೂಢಿಯೂ ನಮ್ಮಲ್ಲಿ ಬೇರೂರಿದೆ. ನಾವು ಅಚ್ಚಗನ್ನಡ ಎಂದುಕೊಂಡಿರುವ ಲಕೋಟೆಗೂ ಮರಾಠಿಯ ‘ಲಖೋಟಾ’ಕ್ಕೂ ಇರುವ ನಂಟು ಕಿವಿಗೇ ಕೇಳಿಸುತ್ತದೆ.

ಘಟ್ಟದ ಮೇಲೆ ‘ಕೊಟ್ಟೆ’ ಇದೆ. ಪ್ಲಾಸ್ಟಿಕ್ ಚೀಲಕ್ಕೂ ಕೊಟ್ಟೆ ಎನ್ನುತ್ತೇವೆ, ಹಲಸಿನ ಎಲೆ ಚುಚ್ಚಿ ಮಾಡಿದ ಕಡುಬಿನ ದೊನ್ನೆಗೂ ಕೊಟ್ಟೆ ಎನ್ನುತ್ತೇವೆ. ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಅಡಿಕೆ ಗೊನೆಗೆ ಹೊದಿಸಿ ಕಟ್ಟುವುದೂ ಕೊಟ್ಟೆಯೇ. ಒಳಗಿನದನ್ನು ಕಾಯುವ ಹೊದಿಕೆ ಎಂಬ ಅರ್ಥ ಎಲ್ಲದರಲ್ಲೂ ಇದೆ. ಹಾಗಿದ್ದರೂ ಪತ್ರ ಹಾಕುವುದಕ್ಕೆ ಯಾರೂ ಕೊಟ್ಟೆ ಎಂದದ್ದನ್ನು ನಾನು ಕೇಳಿಲ್ಲ. ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ, ನನಗೆ ನಿಜವಾಗಿ ಸಂತೋಷವಾಗುತ್ತದೆ.

‘ಹಾಳೆ’ಯ ವಿಷಯದಲ್ಲಿಯೂ ಎಚ್ಚರ ಬೇಕಾಯಿತು. ತೋಟದ ಮನೆಯ ಮಗುವಿಗೆ ಹಾಳೆ ಎಂದರೆ ಅಡಿಕೆ ಮರದಿಂದ ಬೀಳುವುದು, ಟೊಪ್ಪಿ ಮಾಡುವುದು, ತಟ್ಟೆ ಒತ್ತುವುದು. ಹಾಗೆಂದು ‘ಕಾಗದ’ ಎಂದು ಬರೆದರೆ ಮತ್ತೊಂದು ತೊಡಕು: ನಮ್ಮಲ್ಲಿ ಕಾಗದವೆಂದರೆ ಬರೆದ ಪತ್ರವೂ ಹೌದು. ‘ಕಾಗದವನ್ನು ಮಡಚಿ ಕಾಗದವನ್ನು ಒಳಗಿಡಿ’ ಎಂದರೆ ಯಾರಿಗೆ ಏನು ತಿಳಿದೀತು? ಮಾಡುವ ವಸ್ತುವಿಗೆ ‘ಕಾಗದದ ಹಾಳೆ’, ಒಳಗೆ ಹೋಗುವುದಕ್ಕೆ ‘ಪತ್ರ’ ಎಂದು ಉದ್ದಕ್ಕೂ ಪಾಲಿಸಿದ್ದೇನೆ.

ಅಂಟಿಗೆ ಮಾತ್ರ ಪದಗಳ ಕೊರತೆಯಿಲ್ಲ. ಗೋಂದು ಇದೆ, ಅಂಟು ಇದೆ, ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಸಿದ್ದಕ್ಕೆ ಮರಾಠಿಯ ‘ಖಳ’ ಇದೆ. ಆದರೆ ನಮ್ಮ ಮನೆಗಳಲ್ಲಿ ಲಕೋಟೆ ಅಂಟಿಸುತ್ತಿದ್ದುದು ಅನ್ನದ ಅಗುಳಿನಿಂದ. ಬಿಸಿಯಾರಿದ ಒಂದೆರಡು ಅಗುಳನ್ನು ಅಂಚಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಎಳೆದರೆ ಅಗುಳು ಅರೆದು ತೆಳ್ಳಗೆ ಹರಡುತ್ತದೆ. ಅರೆಯದೆ ಉಳಿದ ಗಂಟನ್ನು ಉಗುರಿನಿಂದ ತೆಗೆಯಬೇಕು, ಇಲ್ಲವಾದರೆ ಒಣಗಿದ ಮೇಲೆ ಅಲ್ಲಿ ಉಬ್ಬು ಏಳುತ್ತದೆ. ಬೆಳ್ತಿಗೆ ಅಕ್ಕಿಯ (ಭತ್ತ ಬೇಯಿಸದೆ ಮಾಡಿದ ಅಕ್ಕಿಯ) ಅನ್ನ ಚೆನ್ನಾಗಿ ಅಂಟುತ್ತದೆ, ಕರಾವಳಿಯ ಕುಚ್ಚಲಕ್ಕಿಯ ಅನ್ನ ಅಷ್ಟು ಹಿಡಿಯುವುದಿಲ್ಲ. ನುಣುಪಾದ ಕ್ಯಾಲೆಂಡರ್ ಹಾಳೆಗೆ ಯಾವ ಅನ್ನವೂ ಆಗದು. ಹೀಗೆ ಬೆರಳಿನಿಂದ ಅರೆದು ಹಚ್ಚುವ ಈ ಕ್ರಿಯೆಗೆ ‘ಬಳಿ’, ‘ಸವರು’, ‘ತೀಡು’ ಇವುಗಳಲ್ಲಿ ಯಾವುದು ಸರಿ? ನಾನು ‘ತೀಡಿ’ ಎಂದು ಬರೆದಿದ್ದೇನೆ. ಅದರಲ್ಲಿ ಒತ್ತುವುದೂ ಎಳೆಯುವುದೂ ಎರಡೂ ಇವೆ ಎಂದು ನನ್ನ ಭಾವನೆ.

ಮಳೆಗಾಲಕ್ಕೆ ಸಂಬಂಧಿಸಿದ ಇನ್ನೊಂದು ಪದವೂ ಬೇಕಾಗಿದೆ. ಅಂಗಡಿಯಿಂದ ತಂದ, ಗೋಂದು ಸವರಿ ಒಣಗಿಸಿದ ಲಕೋಟೆಗಳು ನಮ್ಮ ಆಷಾಢದ ತಂಡಿಗೆ, ಅಂದರೆ ತೇವಕ್ಕೆ, ತಾವಾಗಿಯೇ ಅಂಟಿಕೊಂಡುಬಿಡುತ್ತವೆ. ನಡುವೆ ತೆಳು ಕಾಗದದ ಪಟ್ಟಿ ಇಟ್ಟರೆ ಉಳಿಯುತ್ತವೆ. ಹೀಗೆ ತಂಡಿ ಕುಡಿದು ತಾನಾಗಿ ಅಂಟುವುದಕ್ಕೆ ಕರಾವಳಿಯಲ್ಲಿ ಪ್ರತ್ಯೇಕ ಮಾತಿದೆಯೇ?

ಒಟ್ಟಿನಲ್ಲಿ ಕೇಳುವುದಿಷ್ಟು. ‘ನಾಲಿಗೆ’ ನಿಮಗೆ ಒಪ್ಪಿಗೆಯೇ, ಅಥವಾ ನಿಮ್ಮ ಮನೆಯಲ್ಲಿ, ಹೊಲಿಗೆಯವರಲ್ಲಿ, ಪುಸ್ತಕ ಕಟ್ಟುವವರಲ್ಲಿ ಬಳಕೆಯಲ್ಲಿರುವ ಬೇರೆ ಪದ ಇದೆಯೇ? ಕವಳದ ಸಂಚಿಯ ಮೇಲೆ ಬಂದು ಮುಚ್ಚುವ ಬಟ್ಟೆಗೆ ಅಜ್ಜಿಯರು ಏನೆನ್ನುತ್ತಿದ್ದರು? ಹೊಸದಾಗಿ ಕಟ್ಟಿದ ಪದಕ್ಕಿಂತ ಬಾಯಲ್ಲಿ ಸವೆದ ಪದ ನನಗೆ ಹೆಚ್ಚು ಬೇಕು. ಉತ್ತರಿಸುವಾಗ ಊರು ಯಾವುದು, ಯಾವ ವಸ್ತುವಿಗೆ ಆ ಪದ ಬಳಸಿದ್ದನ್ನು ಕೇಳಿದಿರಿ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ. ಶಾಲೆ ತೆರೆಯುವ ಮೊದಲು ಪುಟ ಅಚ್ಚಿಗೆ ಹೋಗಬೇಕಾಗಿದೆ.